ಉದ್ಘಾಟನೆಯ ದಿನ ತೊಟ್ಟಿಯಲ್ಲಿ ಮೀನು ಬೇಡ

ನಮ್ಮ ಕಾಲೇಜಿನ ಆಫೀಸಿನ ಎದುರಿನ ವರಾಂಡದಲ್ಲಿ ಸಮುದ್ರದ ಮೀನುಗಳ ಅಕ್ವೇರಿಯಂ ಇಡುವ ಮಾತು ನಡೆಯುತ್ತಿದೆ. ಹಳೆಯ ವಿದ್ಯಾರ್ಥಿಯೊಬ್ಬರು 200 ಲೀಟರಿನ ಗಾಜಿನ ತೊಟ್ಟಿ ಕೊಡುತ್ತಾರಂತೆ. ವಾರ್ಷಿಕೋತ್ಸವದ ದಿನ ಅತಿಥಿಗಳು ಪರದೆ ಸರಿಸುತ್ತಾರೆ, ಒಳಗೆ ಬಣ್ಣಬಣ್ಣದ ಮೀನುಗಳು ಇರುತ್ತವೆ. ಕೋಲಾರ, ಮಾಲೂರು, ಮುಳಬಾಗಿಲಿನಿಂದ ಬರುವ ನಮ್ಮಲ್ಲಿ ಎಷ್ಟೋ ಜನ ಇನ್ನೂ ಸಮುದ್ರವನ್ನೇ ನೋಡಿಲ್ಲ. ಸುದ್ದಿ ಕೇಳಿ ನನಗೂ ಸಂತೋಷವಾಯಿತು. ಆದರೆ ಆ ದಿನ ತೊಟ್ಟಿಯಲ್ಲಿ ಮೀನು ಇರಬಾರದು ಎಂಬುದು ನನ್ನ ಅಭಿಪ್ರಾಯ.

ಶ್ರೀನಿವಾಸಪುರದ ನನ್ನ ಮಾಮು ಮನೆಯಲ್ಲಿ ಇಂಥ ತೊಟ್ಟಿ ಇದೆ. ಮಾವಿನ ಸುಗ್ಗಿ ಮುಗಿದರೆ ಮಾಮುಗೆ ಅದೇ ಕೆಲಸ. ಕಳೆದ ವರ್ಷ ಈದ್‌ಗೆ ಎರಡು ದಿನ ಮೊದಲು ಅವರು ಬೆಂಗಳೂರಿನಿಂದ ಒಂದು ಫೈರ್‌ಫಿಶ್ ತಂದರು. ಬೆರಳುದ್ದದ ಮೀನು. ಮುಂದಿನ ಅರ್ಧ ಬಿಳಿ, ಬಾಲದ ಕಡೆ ಬೆಂಕಿಯ ಕೆಂಪು, ಬೆನ್ನಿನ ಮೇಲೆ ಆಂಟೆನಾದ ಹಾಗೆ ಉದ್ದನೆಯ ರೆಕ್ಕೆ. ಅದನ್ನು ನೆಂಟರಿಗೆ ತೋರಿಸಬೇಕೆಂದೇ ತಂದದ್ದು. ಈದ್ ದಿನ ಶೀರ್ ಖುರ್ಮಾ ಕುಡಿದ ಮಕ್ಕಳೆಲ್ಲ ತೊಟ್ಟಿಯ ಸುತ್ತ ಸೇರಿದರು. ಮೀನು ಕಲ್ಲಿನ ಸಂದಿಯಲ್ಲಿ ಅಡಗಿತ್ತು. ಹೊರಗೆ ಬರಲಿ ಎಂದು ಗಾಜು ತಟ್ಟಿದರು, ಮೊಬೈಲ್ ಟಾರ್ಚ್ ಬಿಟ್ಟರು. ಸ್ಟೇಟಸ್‌ಗೆ ವಿಡಿಯೋ ಬೇಕೆಂದು ಟಾರ್ಚ್ ಹಿಡಿದವರಲ್ಲಿ ನಾನೂ ಇದ್ದೆ. ಮರುದಿನ ಫಜರ್ ನಮಾಜಿಗೆ ಎದ್ದ ನಾನಿಗೆ ಅದು ಸೋಫಾ ಪಕ್ಕ ನೆಲದ ಮೇಲೆ ಸಿಕ್ಕಿತು. ಒಣಗಿ ಹೋಗಿತ್ತು.

ಆಮೇಲೆ ಓದಿ ತಿಳಿದುಕೊಂಡೆವು. ಸಮುದ್ರದಲ್ಲಿ ಫೈರ್‌ಫಿಶ್ ತನ್ನ ಬಿಲದ ಮೇಲೆಯೇ ತೇಲುತ್ತಾ, ಹರಿವಿಗೆ ಮುಖ ಮಾಡಿ, ನೀರಿನಲ್ಲಿ ಬರುವ ಸಣ್ಣ ಜೀವಿಗಳನ್ನು ತಿನ್ನುತ್ತದೆ. ನೆರಳು ಬಿದ್ದರೆ ಸಾಕು, ಬಿಲಕ್ಕೆ ನುಗ್ಗುತ್ತದೆ. ಅಲ್ಲಿಯೂ ನೆಮ್ಮದಿ ಇಲ್ಲದಿದ್ದರೆ ನೀರಿನಿಂದ ಮೇಲಕ್ಕೆ ಹಾರುತ್ತದೆ. ಮಾಮು ತೊಟ್ಟಿಗೆ ಮುಚ್ಚಳ ಇರಲಿಲ್ಲ. ಅಂಗಡಿಯವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಸಮುದ್ರದಲ್ಲಿ ಹಿಡಿಸಿಕೊಂಡು, ಎಷ್ಟೋ ತೊಟ್ಟಿ ಬದಲಾಯಿಸಿ, ಕೊನೆಗೆ ಪ್ಲಾಸ್ಟಿಕ್ ಚೀಲದಲ್ಲಿ ಕುಲುಕಾಡುತ್ತಾ ಶ್ರೀನಿವಾಸಪುರ ತಲುಪಿದ ಜೀವಕ್ಕೆ ನಾವು ಕೊಟ್ಟ ಸ್ವಾಗತ ಟಾರ್ಚ್ ಬೆಳಕು.

ಮೂರು ತಿಂಗಳ ಮೇಲೆ ಮಾಮು ಇನ್ನೊಂದನ್ನು ತಂದರು. ನಾನಿ ಬೇಡವೆಂದರು, ಅದು ಬೇರೆ ಮಾತು. ಈ ಸಲ ಮೊದಲೇ ಸಣ್ಣ ಕಣ್ಣಿನ ಬಲೆಯ ಮುಚ್ಚಳ ಮಾಡಿಸಿದ್ದರು. ಮೂರು ಕಡೆ ಗಾಜಿಗೆ ಹಳೆಯ ಪೇಪರ್ ಅಂಟಿಸಿ, ತೊಟ್ಟಿಯ ಲೈಟ್ ಆರಿಸಿದೆವು. ಉಷ್ಣತೆ ಸಮವಾಗಲಿ ಎಂದು ಚೀಲವನ್ನು 15 ನಿಮಿಷ ನೀರಿನ ಮೇಲೆ ತೇಲಿಬಿಟ್ಟು, ಆಮೇಲೆ ಏರ್ ಪಂಪಿನ ಸಣ್ಣ ಪೈಪಿಗೆ ಒಂದು ಗಂಟು ಹಾಕಿ ತೊಟ್ಟಿಯ ನೀರನ್ನು ಹನಿಹನಿಯಾಗಿ ಬೆರೆಸಿದೆವು. ಇದು ಮುಗಿಯಲು ಸುಮಾರು ಒಂದು ಗಂಟೆ ಬೇಕು. ಚೀಲದ ನೀರನ್ನು ಮಾತ್ರ ತೊಟ್ಟಿಗೆ ಸುರಿಯಬಾರದು, ಅದರಲ್ಲಿ ದಾರಿಯುದ್ದಕ್ಕೂ ಮೀನಿನ ಕಶ್ಮಲ ಸೇರಿರುತ್ತದೆ.

ಇನ್ನೊಂದು ತೊಂದರೆ ಇತ್ತು. ತೊಟ್ಟಿಯಲ್ಲಿ ಮೊದಲೇ ಎರಡು ನೀಲಿ ಡ್ಯಾಮ್ಸೆಲ್ ಮೀನುಗಳಿದ್ದವು. ಹೊಸಬರನ್ನು ಅಟ್ಟಿಸಿಕೊಂಡು ಹೋಗುವುದೇ ಅವುಗಳ ಚಾಳಿ. ಮಾಮು ಕಲ್ಲುಗಳನ್ನೆಲ್ಲ ತೆಗೆದು ಬೇರೆ ಥರ ಜೋಡಿಸಿದರು. ಇದು ನನ್ನ ಜಾಗ ಎನ್ನುವ ಜಂಬ ಹಳಬರಿಗೂ ಉಳಿಯಲಿಲ್ಲ, ಎಲ್ಲರೂ ಹೊಸದಾಗಿ ಮನೆ ಹುಡುಕಬೇಕಾಯಿತು. ಆ ಗಲಾಟೆಯಲ್ಲಿ ಫೈರ್‌ಫಿಶ್‌ಗೆ ಒಂದು ಸಂದಿ ಸಿಕ್ಕಿತು. ನಿಜವಾಗಿ ಮಾಡಬೇಕಾದದ್ದು ಏನೆಂದರೆ ನಾಚಿಕೆಯ ಮೀನನ್ನು ಮೊದಲು ಬಿಡಬೇಕು, ಜಗಳಗಂಟರನ್ನು ಕೊನೆಗೆ.

ಮೂರು ದಿನ ಮೀನು ಕಾಣಲೇ ಇಲ್ಲ. ಕಲ್ಲು ಎತ್ತಿ ನೋಡೋಣ ಎಂದು ನಾನು ಹೇಳಿದೆ, ಮಾಮು ಬೈದರು. ನಾಲ್ಕನೆಯ ದಿನ ಮೂತಿ ಕಂಡಿತು. ಎಂಟನೆಯ ದಿನ ಆರ್ಟೀಮಿಯಾ ಎಂಬ ಸಣ್ಣ ಸೀಗಡಿಯಂಥ ಆಹಾರವನ್ನು ನಮ್ಮೆದುರೇ ತಿಂದಿತು. ಹತ್ತನೆಯ ದಿನ ಪೇಪರ್ ಕಿತ್ತೆವು, ಒಂದೊಂದೇ ಕಡೆ.

ಈಗ ನಮ್ಮ ವರಾಂಡಕ್ಕೆ ಬನ್ನಿ. ಗಂಟೆ ಹೊಡೆದರೆ ನೂರಾರು ಜನ ಅಲ್ಲೇ ಹಾದು ಹೋಗುತ್ತೇವೆ, ಫೀ ಕಟ್ಟುವ ಸಾಲೂ ಅಲ್ಲೇ. ಅದರಲ್ಲಿ ಒಬ್ಬರೂ ಗಾಜು ತಟ್ಟುವುದಿಲ್ಲ ಎಂದು ಯಾರಾದರೂ ಬರೆದುಕೊಡುತ್ತಾರೆಯೇ? ಮೀನಿಗೆ ಮೂರು ಸೆಕೆಂಡಿನ ನೆನಪು ಮಾತ್ರ, ಭಯ ಮರೆತುಬಿಡುತ್ತದೆ ಎಂದು ಸೈನ್ಸ್ ವಿಭಾಗದ ಗೆಳೆಯನೊಬ್ಬ ವಾದಿಸಿದ. ಅದು ಸುಳ್ಳು. ಮಾಮು ಊಟದ ಡಬ್ಬಿ ಕೈಗೆತ್ತಿಕೊಂಡರೆ ಡ್ಯಾಮ್ಸೆಲ್‌ಗಳು ಮೇಲೆ ಬಂದು ಕಾಯುತ್ತವೆ.

ನೀರಿನ ವಿಷಯವೂ ಇದೆ. ಒಂದು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಎಂದರೆ 200 ಲೀಟರಿಗೆ 7 ಕಿಲೋ, ಅದೂ ಅಡುಗೆ ಉಪ್ಪಲ್ಲ, ಅಕ್ವೇರಿಯಂಗೆಂದೇ ಸಿಗುವ ಸಮುದ್ರದ ಉಪ್ಪು. ನಮ್ಮ ಬೋರ್‌ವೆಲ್ ನೀರು ಗಡಸು, ಫ್ಲೋರೈಡ್ ಬೇರೆ, ಆದ್ದರಿಂದ ಫಿಲ್ಟರ್ ನೀರೇ ಬೇಕು. ವಾರಕ್ಕೆ ಹತ್ತನೇ ಒಂದು ಭಾಗ ಬದಲಾಯಿಸಿದರೂ 20 ಲೀಟರಿನ ಒಂದು ಕ್ಯಾನ್. ನೀರಿಗೆ ಸಾಲು ನಿಲ್ಲುವ ಜಿಲ್ಲೆಯಲ್ಲಿ ಇದು ದೊಡ್ಡ ಲೆಕ್ಕವೇನಲ್ಲ, ಆದರೆ ಲೆಕ್ಕ ಇಡಬೇಕು. ನೀರು ತುಂಬಿದ ತಕ್ಷಣ ಮೀನು ಬಿಡುವ ಹಾಗೂ ಇಲ್ಲ. ಮೀನಿನ ಕಶ್ಮಲದಿಂದ ಬರುವ ಅಮೋನಿಯಾವನ್ನು ಕಡಿಮೆ ವಿಷದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಕಲ್ಲು ಮರಳಿನಲ್ಲಿ ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ವಾರ್ಷಿಕೋತ್ಸವಕ್ಕೆ ಉಳಿದಿರುವುದು ಮೂರು ವಾರ.

ಖಾಲಿ ತೊಟ್ಟಿಯನ್ನು ಅತಿಥಿಗಳಿಗೆ ಹೇಗೆ ತೋರಿಸುವುದು ಎಂದು ಮೇಷ್ಟ್ರೊಬ್ಬರು ಕೇಳಿದರು. ಅದು ಖಾಲಿ ಇರುವುದಿಲ್ಲ ಸರ್, ಕಲ್ಲು, ಮರಳು, ಹರಿಯುವ ಉಪ್ಪುನೀರು ಇರುತ್ತದೆ. ಪಕ್ಕದಲ್ಲಿ ಒಂದು ಬೋರ್ಡ್ ಬರೆದು ಇಡೋಣ. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಹೆಂಗಸಿನ ಹದೀಸ್ ನಮಗೆ ದೀನಿಯಾತ್ ತರಗತಿಯಲ್ಲಿ ಹೇಳಿಕೊಟ್ಟವರು ನೀವೇ ಅಲ್ಲವೇ?

ಪ್ರಾಂಶುಪಾಲರಲ್ಲಿ ನನ್ನ ಕೋರಿಕೆ ಇಷ್ಟು. ತೊಟ್ಟಿಯನ್ನು ವರಾಂಡ ಬಿಟ್ಟು ಲೈಬ್ರರಿಯ ಒಳಮೂಲೆಗೆ ಹಾಕಿಸಿ, ಅಲ್ಲಿ ಹೇಗೂ ಮಾತಾಡುವಂತಿಲ್ಲ. ಮೊದಲ ಮೀನಾಗಿ ಫೈರ್‌ಫಿಶ್ ಬೇಡ, ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್‌ಫಿಶ್ ಜೋಡಿ ಸಾಕು. ಕೇಂದ್ರ ಸರ್ಕಾರದ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಸಿಎಂಎಫ್‌ಆರ್‌ಐ, ಅದನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ರೂಪಿಸಿದೆ. ಗಾಜಿನೊಳಗೇ ಬೆಳೆದ ಮರಿಗೆ ಗಾಜು ಹೊಸದಲ್ಲ. ಅಂಗಡಿಯವರು ಹವಳ ಅಥವಾ ಸಮುದ್ರಕುದುರೆ ಕೊಡುತ್ತೇವೆಂದರೆ ಖಂಡಿತ ಬೇಡ, ಎರಡೂ 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ ಜೀವಿಗಳು. ಕರೆಂಟ್ ಹೋದಾಗ ಬ್ಯಾಟರಿಯ ಏರ್ ಪಂಪ್ ಹಾಕಲು, ರಜೆಯಲ್ಲಿ ಊಟ ಹಾಕಲು ಹೆಸರು ಕೊಡುವವರು ಬೇಕು. ದ್ವಿತೀಯ ಪಿಯುಸಿ ಕಾಮರ್ಸ್‌ನಿಂದ ನಾನು ಮತ್ತು ಇಬ್ಬರು ಗೆಳೆಯರು ತಯಾರಿದ್ದೇವೆ. ಗಾಜಿಗೆ ಅಂಟಿಸಲು ಹಳೆಯ ಪೇಪರ್ ಮನೆಯಿಂದ ನಾನೇ ತರುತ್ತೇನೆ.