ಕರಾರಿನಲ್ಲಿ ಸರ್ವೆ ನಂಬರ್ ಇರಲಿ

ಮುಂಗಾರಿನಲ್ಲಿ ಬಿಸಿಲು ಕಾಣದೆ ಜಡಿ ಹಿಡಿದರೆ ಹಾಸನ ಜಿಲ್ಲೆಯ ಶಾಂತಿಗ್ರಾಮದ ಸುತ್ತಿನ ಆಲೂಗಡ್ಡೆ ಬೆಳೆಗಾರರಿಗೆ ಅಂಗಮಾರಿ ರೋಗದ ಭಯ. ಹಸಿರಾಗಿದ್ದ ಹೊಲ ಕೆಲವೇ ದಿನಗಳಲ್ಲಿ ಸುಟ್ಟಂತೆ ಕಪ್ಪಾಗುತ್ತದೆ. ಬೆಳೆಯೇನೋ ಹೋಯಿತು, ಮುಂಗಡ ಪಡೆದು ವ್ಯಾಪಾರಿಗೆ ‘ಇಷ್ಟು ಚೀಲ ಕೊಡುತ್ತೇನೆ’ ಎಂದು ಬರೆದುಕೊಟ್ಟ ಕರಾರಿನ ಗತಿ?

1872ರ ಭಾರತೀಯ ಕರಾರು ಕಾಯ್ದೆಯ 56ನೇ ಕಲಂ ಮೇಲ್ನೋಟಕ್ಕೆ ರೈತನ ಪರ ಇದೆ. ಕರಾರಾದ ಮೇಲೆ ಕೈಮೀರಿದ ಘಟನೆಯಿಂದ ಅದನ್ನು ಪಾಲಿಸುವುದು ಅಸಾಧ್ಯವಾದರೆ ಕರಾರು ಅನೂರ್ಜಿತ. ಆದರೆ ಯಾವುದು ಅಸಾಧ್ಯ? ಅದೇ 1872ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ ರೈತನೊಬ್ಬ ತನ್ನ ಜಮೀನಿನಲ್ಲಿ ಬೆಳೆಯುವ 200 ಟನ್ ಆಲೂಗಡ್ಡೆ ಮಾರಲು ಒಪ್ಪಿದ್ದ. ರೋಗ ಬಿದ್ದು ಕೈಗೆ ಸಿಕ್ಕಿದ್ದು ಸುಮಾರು 80 ಟನ್. ಕೊಳ್ಳುವವನು ದಾವೆ ಹೂಡಿದ. 1876ರಲ್ಲಿ ಮೇಲ್ಮನವಿ ನ್ಯಾಯಾಲಯವೂ ರೈತನನ್ನೇ ಬಿಡುಗಡೆ ಮಾಡಿತು. ಬರೀ ರೋಗ ಬಂದದ್ದರಿಂದ ಅಲ್ಲ, ಇಂಥದೇ ಜಮೀನಿನ ಬೆಳೆ ಎಂದು ಕರಾರಿನಲ್ಲಿ ಇದ್ದುದರಿಂದ. ಬರೀ ‘200 ಟನ್’ ಎಂದಿದ್ದರೆ ಸಂತೆಯಲ್ಲಿ ಕೊಂಡಾದರೂ ಕೊಡಬೇಕಿತ್ತು.

ನಮ್ಮ ಸುಪ್ರೀಂ ಕೋರ್ಟೂ ಇಂಥ ವಿಷಯದಲ್ಲಿ ಬಿಗಿ. ಗಿರಣಿಯಿಂದ ಬಟ್ಟೆ ಬರಲಿಲ್ಲ ಎಂಬ ಮಾರಾಟಗಾರನ ವಾದವನ್ನು 1951ರಲ್ಲೇ ಅದು ಒಪ್ಪಲಿಲ್ಲ. 1953ರ ಸತ್ಯವ್ರತ ಘೋಷ್ ಪ್ರಕರಣದಲ್ಲಿ, ಕರಾರಿನ ಬುನಾದಿಯೇ ಕುಸಿದರೆ ಅದೂ ಅಸಾಧ್ಯವೇ ಎಂದು ಅರ್ಥ ಹಿಗ್ಗಿಸಿತು, ನಿಜ. ಆದರೆ ನಷ್ಟ ಹೆಚ್ಚಾಯಿತು ಎಂದರೆ ಬುನಾದಿ ಕುಸಿದಂತಲ್ಲ. ಇಂಡೊನೇಷ್ಯಾದ ಕಲ್ಲಿದ್ದಲು ದುಬಾರಿಯಾಯಿತೆಂದ ದೊಡ್ಡ ವಿದ್ಯುತ್ ಕಂಪನಿಗಳಿಗೂ 2017ರಲ್ಲಿ ಇದೇ ಉತ್ತರ ಸಿಕ್ಕಿತು. ಹಾಗಾಗಿ ದರ ಬಿದ್ದಿತೆಂದು ಒಪ್ಪಿದ ಮಾಲು ಎತ್ತದೆ ಹೊಲದಲ್ಲೇ ಬಿಟ್ಟುಹೋಗುವ ವ್ಯಾಪಾರಿಗೂ 56ನೇ ಕಲಂ ಆಸರೆಯಲ್ಲ. ಇದನ್ನು ನಮ್ಮ ರೈತರು ಯಾಕೋ ಕೇಳುವುದೇ ಇಲ್ಲ.

ಶುಂಠಿಗೆ ಜಮೀನು ಗುತ್ತಿಗೆ ಹಿಡಿದವರ ಪಾಡು ಇನ್ನೂ ಕಷ್ಟ. ದೇಶ ವಿಭಜನೆಯಲ್ಲಿ ಪಾಕಿಸ್ತಾನದ ಪಾಲಾದ ಕೃಷಿ ಭೂಮಿಯ ಗುತ್ತಿಗೆ ಹಣವನ್ನೂ 1968ರಲ್ಲಿ ಸುಪ್ರೀಂ ಕೋರ್ಟ್ ವಾಪಸ್ ಕೊಡಿಸಲಿಲ್ಲ. ಜಮೀನು ಕೈಸೇರಿದ ಗುತ್ತಿಗೆಗೆ 56ನೇ ಕಲಂ ಅನ್ವಯಿಸದು ಎಂದಿತು. ಇನ್ನು ಗೆಡ್ಡೆ ಕೊಳೆತದ್ದಕ್ಕೆ ಯಾರು ಕೇಳುತ್ತಾರೆ?

ಹಾಸನದಲ್ಲಿ ಅಂಗಮಾರಿಯನ್ನು ಅನಿರೀಕ್ಷಿತ ಎಂದು ವಾದಿಸುವುದೂ ಸುಲಭವಲ್ಲ. ಆದ್ದರಿಂದ ಇಂಥದೇ ಜಮೀನು ಎಂದು ತೋರಿಸುವ ಸರ್ವೆ ನಂಬರ್ ಜೊತೆಗೆ ‘ರೋಗ, ಅತಿವೃಷ್ಟಿಯಿಂದ ಬೆಳೆ ಹೋದರೆ ಹೊಣೆಯಿಲ್ಲ’ ಎಂಬ ಷರತ್ತನ್ನೂ ಬರೆಸಬೇಕು. ಆಗ 32ನೇ ಕಲಂ ಪ್ರಕಾರ ಬರೆದದ್ದೇ ನಡೆಯುತ್ತದೆ.

ಕರಾರು ಅನೂರ್ಜಿತವಾದರೂ ಮುಂಗಡದ ಪ್ರಶ್ನೆ ಉಳಿಯುತ್ತದೆ. 65ನೇ ಕಲಂ ಪಡೆದದ್ದನ್ನು ಹಿಂದಿರುಗಿಸು ಎನ್ನುತ್ತದೆ. ಆ ದುಡ್ಡು ಬಿತ್ತನೆ ಗೆಡ್ಡೆಗೆ, ಗೊಬ್ಬರಕ್ಕೆ, ಔಷಧಿಗೆ ಆಗಲೇ ಹೋಗಿರುತ್ತದೆ. ಇಂಗ್ಲೆಂಡ್ 1943ರಲ್ಲೇ ಕಾಯ್ದೆ ಮಾಡಿ, ಕರಾರಿಗಾಗಿ ಮಾಡಿದ ಖರ್ಚನ್ನು ಮುಂಗಡದಲ್ಲಿ ಹಿಡಿದುಕೊಳ್ಳಲು ಬಿಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿತು. ನಮ್ಮ 65ನೇ ಕಲಮಿನಲ್ಲಿ ಅಂಥ ಸಾಲಿಲ್ಲ. ಸಂಸತ್ತು ಅದನ್ನು ಸೇರಿಸಬೇಕು.