ಡ್ರೇನ್ ನಟ್ಟಿನ ಲೆಕ್ಕ

ಹಾಸನದ ಕಡೆಯಿಂದ ಒಬ್ಬ ತಂದೆ ಪತ್ರ ಬರೆದಿದ್ದಾರೆ. ಮಗ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಾನೆ. ಮನೆಗೊಂದೇ ಬೈಕು, 100 ಸಿಸಿಯದು. ಬೆಳಗಾದರೆ ತಂದೆ ಅದರಲ್ಲೇ 18 ಕಿಲೋಮೀಟರ್ ದೂರದ ಕೆಲಸಕ್ಕೆ ಹೋಗಬೇಕು. ‘ಕಳೆದ ಸಲ ಗ್ಯಾರೇಜಿನಲ್ಲಿ ಆಯಿಲ್ ಬದಲಾಯಿಸಲು 520 ರೂಪಾಯಿ ಕೊಟ್ಟೆ. ಅದೇ ಡಬ್ಬಿ ಅಂಗಡಿಯಲ್ಲಿ 400ಕ್ಕೆ ಸಿಗುತ್ತದೆ, ಇನ್ನು ಮೇಲೆ ನಾನೇ ಮಾಡುತ್ತೇನೆ ಎಂದು ಮಗ ಹಟ ಹಿಡಿದಿದ್ದಾನೆ. ಎಂಜಿನ್ ಕೆಟ್ಟರೆ ಯಾರು ಹೊಣೆ? ಅವನ ಕೈಗೆ ಕೊಡಲೋ ಬೇಡವೋ?’ ಎಂಬುದು ಅವರ ಪ್ರಶ್ನೆ.

ಮೊದಲು ದುಡ್ಡಿನ ಲೆಕ್ಕವನ್ನೇ ನೋಡೋಣ. ಒಂದು ಸಲಕ್ಕೆ ಉಳಿಯುವುದು 120 ರೂಪಾಯಿ. ವರ್ಷಕ್ಕೆ ಮೂರು ಸಲ ಎಂದರೆ 360. ಆದರೆ ಒಳ್ಳೆಯ ರಿಂಗ್ ಸ್ಪ್ಯಾನರ್, ಅಗಲವಾದ ಟ್ರೇ, ಒಂದು ಲಾಳಿಕೆ ಇಷ್ಟನ್ನು ಕೊಂಡರೆ ಮೊದಲ ವರ್ಷದ ಉಳಿತಾಯ ಅಲ್ಲಿಗೇ ಮುಗಿಯಿತು. ದುಡ್ಡು ಉಳಿಸಲೆಂದೇ ಈ ಕೆಲಸಕ್ಕೆ ಕೈ ಹಾಕುವವರು ಎರಡನೇ ವರ್ಷದವರೆಗೆ ಕಾಯಬೇಕು. ಅಷ್ಟರೊಳಗೆ ಒಂದು ತಪ್ಪು ಮಾಡಿದರೆ ಐದು ವರ್ಷ ಕಾಯಬೇಕು. ನಾನು ಕಾದವನು, ಅದಕ್ಕೇ ಹೇಳುತ್ತಿದ್ದೇನೆ.

2004ರ ಬೇಸಿಗೆ ರಜೆ. ಆಗ ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ಮೆಕ್ಯಾನಿಕ್‌ಗೆ 40 ರೂಪಾಯಿ ಮಜೂರಿ ಏಕೆ ಕೊಡಬೇಕೆಂದು ಬೈಕನ್ನು ಅಂಗಳದಲ್ಲಿ ನಿಲ್ಲಿಸಿ, ಲುಂಗಿ ಮೇಲಕ್ಕೆ ಕಟ್ಟಿ ಕೂತೆ. ಎಂಜಿನ್ನಿನ ತಳದ ನಟ್ಟು ಬಿಚ್ಚಲು ಬರಲಿಲ್ಲ. ಸ್ಪ್ಯಾನರಿಗೆ ಒಂದು ಕಬ್ಬಿಣದ ಕೊಳವೆ ತೂರಿಸಿದೆ, ಸಲೀಸಾಗಿ ಬಿಟ್ಟಿತು. ಸನ್ನೆಕೋಲಿನ ತತ್ತ್ವ ನೆನೆದು ಹಿಗ್ಗಿದೆ. ಹಳೆಯ ಎಣ್ಣೆ ಇಳಿಯಿತು. ನಟ್ಟು ಹಾಕುವಾಗ ಸೋರಿಬಿಟ್ಟೀತು ಎಂಬ ಭಯದಿಂದ ಅದೇ ಕೊಳವೆ ತೂರಿಸಿ ಬಲವಾಗಿ ತಿರುಗಿಸಿದೆ. ಒಂದು ಹಂತದಲ್ಲಿ ನಟ್ಟು ಹಗುರಾಗಿ, ಸುಮ್ಮನೆ ಸುತ್ತತೊಡಗಿತು. ಆ ಹಗುರವನ್ನು ಒಮ್ಮೆ ಕೈಯಲ್ಲಿ ಅನುಭವಿಸಿದವರು ಮತ್ತೆ ಮರೆಯುವುದಿಲ್ಲ. ಒಳಗಿನ ಥ್ರೆಡ್ ಕಿತ್ತುಹೋಗಿತ್ತು.

ಬೈಕನ್ನು ತಳ್ಳಿಕೊಂಡು ಗ್ಯಾರೇಜಿಗೆ ಹೋದೆ. ಅಲ್ಲಿದ್ದವನು ನನ್ನ ಹಳೆಯ ವಿದ್ಯಾರ್ಥಿಯೇ. ನಗಲಿಲ್ಲ, ಅದು ಅವನ ದೊಡ್ಡತನ. ‘ಸಾರ್, ಇದು ಅಲ್ಯೂಮಿನಿಯಂ ಬಾಡಿ. ಕಬ್ಬಿಣದ ನಟ್ಟಿನ ಮುಂದೆ ಬೆಣ್ಣೆ ಇದ್ದ ಹಾಗೆ’ ಎಂದ. ಥ್ರೆಡ್ ಹೋದ ರಂಧ್ರವನ್ನು ಕೊರೆದು, ಹೊಸ ಥ್ರೆಡ್ ಹಾಕಿ, ದಪ್ಪ ಬೋಲ್ಟು ಕೂರಿಸಲು ಲೇತ್ ಅಂಗಡಿಯವರ ಸಹಾಯವೂ ಬೇಕಾಯಿತು. ಎಲ್ಲ ಸೇರಿ 600 ರೂಪಾಯಿ.

ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ಹಾಕಿ ನೋಡಬಹುದು. ಇಂಥ ಬೋಲ್ಟಿಗೆ ಬೇಕಾದ ತಿರುಚುಬಲ ಸುಮಾರು 25 ನ್ಯೂಟನ್ ಮೀಟರ್. ಸ್ಪ್ಯಾನರಿನ ಉದ್ದ 20 ಸೆಂಟಿಮೀಟರ್ ಇದ್ದರೆ ಅದರ ತುದಿಗೆ 125 ನ್ಯೂಟನ್, ಅಂದರೆ ಹನ್ನೆರಡು ಹದಿಮೂರು ಕಿಲೋ ಭಾರದಷ್ಟು ಒತ್ತಡ ಸಾಕು. ಕೊಳವೆ ಸೇರಿಸಿ ಉದ್ದವನ್ನು 60 ಸೆಂಟಿಮೀಟರ್ ಮಾಡಿ ಅಷ್ಟೇ ಒತ್ತಿದರೆ 75 ನ್ಯೂಟನ್ ಮೀಟರ್, ಬೇಕಾದ್ದರ ಮೂರು ಪಟ್ಟು! ಪರೀಕ್ಷೆಯಲ್ಲಿ ನಾನೇ ಕೇಳುತ್ತಿದ್ದ ಪ್ರಶ್ನೆ ಇದು. ನಿಮ್ಮ ಬೈಕಿನ ಸರಿಯಾದ ಅಂಕಿಯನ್ನು ಕಂಪನಿಯ ಪುಸ್ತಕದಲ್ಲೋ ಸರ್ವಿಸ್ ಸೆಂಟರಿನಲ್ಲೋ ಕೇಳಿ ತಿಳಿಯಿರಿ.

ಇಷ್ಟು ಕೇಳಿದ ಮೇಲೆ ಪತ್ರ ಬರೆದ ತಂದೆ ‘ಬೇಡಪ್ಪಾ’ ಎಂದು ಮಗನಿಗೆ ಹೇಳಿಬಿಟ್ಟಾರು. ಹೇಳಬೇಡಿ. ನಮ್ಮ ತಲೆಮಾರಿನ ಅಪ್ಪಂದಿರಿಗೆ ಈ ಕೆಲಸದ ಭಯ ಹೆಚ್ಚು, ಅದಕ್ಕೆ ಕಾರಣವೂ ಇದೆ. ನಾವು ಓಡಿಸಿದ ಹಳೆಯ ಎರಡು ಸ್ಟ್ರೋಕ್ ಸ್ಕೂಟರುಗಳಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಸುಡುತ್ತಿದ್ದೆವು. ಎಂಜಿನ್ ಆಯಿಲ್ ಇಳಿಸುವ ಪ್ರಶ್ನೆಯೇ ಇರಲಿಲ್ಲ, ಗೇರ್ ಆಯಿಲ್ ಮಾತ್ರ. ಈಗಿನ ಎಲೆಕ್ಟ್ರಿಕ್ ಸ್ಕೂಟರುಗಳಲ್ಲಿ ಎಂಜಿನ್ನೇ ಇಲ್ಲ. ನಡುವಿನ ನಾಲ್ಕು ಸ್ಟ್ರೋಕ್ ಗಾಡಿಗಳಿಗೆ ಮಾತ್ರ ಈ ತಾಪತ್ರಯ.

ಬೈಕಿನ ಆಯಿಲಿಗೆ ಕಾರಿನದಕ್ಕಿಂತ ಕೆಲಸ ಜಾಸ್ತಿ. ಬಹುಪಾಲು ಗೇರ್ ಬೈಕುಗಳಲ್ಲಿ ಒಂದೇ ಎಣ್ಣೆ ಪಿಸ್ಟನ್ನಿಗೆ, ಗೇರುಗಳಿಗೆ, ಕ್ಲಚ್ಚಿಗೆ ಮೂರಕ್ಕೂ ಆಗಬೇಕು. ಕ್ಲಚ್ ತಟ್ಟೆಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ಹಾಗಾಗಿ ಕಾರಿಗೆ ತಂದು ಉಳಿದ ಆಯಿಲನ್ನು ಬೈಕಿಗೆ ಸುರಿಯಬಾರದು. ಅದರಲ್ಲಿ ಜಾರಿಕೆ ಹೆಚ್ಚಿಸುವ ಪದಾರ್ಥಗಳಿದ್ದರೆ ಕ್ಲಚ್ಚೇ ಜಾರತೊಡಗುತ್ತದೆ. ಡಬ್ಬಿಯ ಮೇಲೆ ‘ಜಾಸೊ ಎಂಎ’ ಅಥವಾ ‘ಎಂಎ2’ ಎಂದಿದ್ದರೆ ಅದು ಇಂಥ ಕ್ಲಚ್ಚಿಗೆ ಹೊಂದುವ ಎಣ್ಣೆ. ಗೇರಿಲ್ಲದ ಸ್ಕೂಟರಿನ ಕ್ಲಚ್ ಒಣಗಿದ್ದು, ಅದಕ್ಕೆ ‘ಎಂಬಿ’ ಬರುತ್ತದೆ. 10ಡಬ್ಲ್ಯು-30 ಎಂಬಲ್ಲಿ ಡಬ್ಲ್ಯು ಎಂದರೆ ಚಳಿಗಾಲ. ಮೊದಲ ಅಂಕಿ ತಣ್ಣಗಿದ್ದಾಗಿನ ಹರಿವಿನ ದರ್ಜೆ, ಎರಡನೆಯದು ಬಿಸಿಯಾದಾಗಿನ ಮಂದತೆಯ ದರ್ಜೆ. ಯಾವುದು ಬೇಕೆಂದು ಕಂಪನಿಯ ಪುಸ್ತಕದಲ್ಲಿದೆ. ಅಂಗಡಿಯವರು ‘ಇದೂ ಅದೇ ಸಾರ್’ ಎಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಹಳೆಯ ಎಣ್ಣೆ ಕಪ್ಪಗಿದೆ ಎಂದು ಗಾಬರಿ ಬೀಳುವವರೂ ಇದ್ದಾರೆ. ಒಳಗಿನ ಮಸಿಯನ್ನು ಗೋಡೆಗೆ ಅಂಟದಂತೆ ತನ್ನಲ್ಲೇ ತೇಲಿಸಿಟ್ಟುಕೊಳ್ಳುವುದೇ ಅದರ ಕೆಲಸ, ಕಪ್ಪಾಗಲೇಬೇಕು. ಬಣ್ಣ ನೋಡಬೇಡಿ, ಓಡಿದ ಕಿಲೋಮೀಟರ್ ಮತ್ತು ಕಳೆದ ತಿಂಗಳುಗಳನ್ನು ನೋಡಿ. ಆದರೆ ಇಳಿಸಿದ ಎಣ್ಣೆಯಲ್ಲಿ ಲೋಹದ ಚೂರುಗಳು ಕಂಡರೆ, ಅಥವಾ ಅದು ಹಾಲು ಬೆರೆತ ಕಾಫಿಯಂತೆ ಬಿಳಿಚಿದ್ದರೆ (ನೀರು ಸೇರಿದೆ ಎಂದರ್ಥ) ಮೆಕ್ಯಾನಿಕ್ಕಿಗೆ ತೋರಿಸಲೇಬೇಕು. ಗ್ಯಾರೇಜಿನಲ್ಲಿ ಬಿಟ್ಟು ಬಂದವರು ಇದನ್ನು ಎಂದೂ ನೋಡುವುದಿಲ್ಲ. ಮಗ ತಾನೇ ಮಾಡಿದರೆ ಸಿಗುವ ದೊಡ್ಡ ಲಾಭ ಆ 120 ರೂಪಾಯಿಯಲ್ಲ, ಇದು.

ಮಾಡುವ ಕ್ರಮ ಕಷ್ಟದ್ದಲ್ಲ. ಎಂಜಿನ್ ಮೂರು ನಾಲ್ಕು ನಿಮಿಷ ಓಡಿಸಿ, ನಿಲ್ಲಿಸಿ, ಸಮತಟ್ಟಾದ ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಬೇಕು. ಬೆಚ್ಚಗಿದ್ದರೆ ಸಾಕು, ಕೈ ಸುಡುವಷ್ಟು ಬೇಡ. ಮೇಲಿನ ಮುಚ್ಚಳ ಸಡಿಲಿಸಿ ಕೆಳಗಿನ ನಟ್ಟು ತೆಗೆದರೆ ಎಣ್ಣೆ ಇಳಿಯುತ್ತದೆ. ತೊಟ್ಟಿಕ್ಕುವುದು ನಿಲ್ಲುವವರೆಗೆ ತಾಳ್ಮೆಯಿಂದ ಕಾಯಿರಿ. ನಟ್ಟಿನ ವಾಷರ್ ಪ್ರತಿ ಸಲ ಹೊಸದು. ನಟ್ಟನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಥ್ರೆಡ್ ನೇರವಾಗಿ ಹಿಡಿದಿದೆಯೇ ಖಾತ್ರಿ ಮಾಡಿಕೊಂಡ ಮೇಲೆ ಸ್ಪ್ಯಾನರ್. ಹೊಸ ಎಣ್ಣೆಯನ್ನು ಪುಸ್ತಕ ಹೇಳಿದಷ್ಟೇ ಹಾಕಬೇಕು. ‘ಇನ್ನೊಂಚೂರು ಇರಲಿ’ ಎಂದು ಹೆಚ್ಚು ಹಾಕಿದರೆ ನೊರೆಯೇಳುತ್ತದೆ, ಸೀಲುಗಳಲ್ಲಿ ಸೋರುತ್ತದೆ. ಎರಡು ನಿಮಿಷ ಓಡಿಸಿ, ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಕಡ್ಡಿಯಲ್ಲಿ ಮಟ್ಟ ನೋಡಿ.

ಇನ್ನು ಇಳಿಸಿದ ಎಣ್ಣೆ. ನಿಜವಾದ ತೊಡಕು ಇಲ್ಲಿದೆ. ಗೆದ್ದಲಿಗೆ ಒಳ್ಳೆಯದೆಂದು ಬಾಗಿಲ ಚೌಕಟ್ಟಿಗೆ ಬಳಿಯುವವರಿದ್ದಾರೆ, ಚರಂಡಿಗೆ ಸುರಿಯುವವರು ಇನ್ನೂ ಹೆಚ್ಚು. ಎರಡೂ ತಪ್ಪು. ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಮೇಲಿಂದ ಮೇಲೆ ಚರ್ಮಕ್ಕೆ ತಾಗುವುದೂ ಒಳ್ಳೆಯದಲ್ಲ, ಕೈಗೆ ಗ್ಲೌಸ್ ಇರಲಿ, ಆಮೇಲೆ ಸೋಪಿನಿಂದ ತೊಳೆಯಿರಿ. ನಾನು ಅದೇ ಹಳೆಯ ಡಬ್ಬಿಗೆ ತುಂಬಿಸಿ ನನ್ನ ವಿದ್ಯಾರ್ಥಿಯ ಗ್ಯಾರೇಜಿನ ಡ್ರಮ್ಮಿಗೆ ಒಯ್ದು ಸುರಿಯುತ್ತೇನೆ. ಅದು ಅಲ್ಲಿಂದ ಮರುಸಂಸ್ಕರಣೆಗೆ ಹೋಗುತ್ತದೆ. ಕೆಲಸ ಕೊಡದೆ ಕಸ ಮಾತ್ರ ಕೊಡುವುದಕ್ಕೆ ಮೊದಮೊದಲು ಸಂಕೋಚವಾಗುತ್ತಿತ್ತು. ಈಗ ಬ್ರೇಕು, ಚೈನಿನ ಕೆಲಸ ಅವನಿಗೇ ಕೊಡುತ್ತೇನೆ.

ವಾರಂಟಿ ಮುಗಿಯದ ಹೊಸ ಬೈಕಾದರೆ ಈ ಸಾಹಸವೇ ಬೇಡ, ಕಂಪನಿಯ ಸರ್ವಿಸ್ ಸೆಂಟರಿಗೇ ಬಿಡಿ, ರಸೀದಿ ಇಟ್ಟುಕೊಳ್ಳಿ. ನಿಮ್ಮ ಬೈಕು ಹಳೆಯದೆಂದು ಬರೆದಿದ್ದೀರಿ. ಮುಂದಿನ ಸಲ ಮಗನನ್ನು ಗ್ಯಾರೇಜಿಗೇ ಕಳುಹಿಸಿ, 520 ರೂಪಾಯಿ ಕೊಟ್ಟೇ ಕಳುಹಿಸಿ. ಮೆಕ್ಯಾನಿಕ್‌ನ ಪಕ್ಕದಲ್ಲಿ ಕೂತು ನಟ್ಟು ಎಷ್ಟು ಬಿಗಿಯುತ್ತಾನೆಂದು ನೋಡಿ ಬರಲಿ. ಅದರ ಮುಂದಿನ ಸಲ ಮನೆಯಲ್ಲಿ ಮಾಡಲಿ. ಭಾನುವಾರ ಸಂಜೆ ಬೇಡ. ಏನಾದರೂ ಎಡವಟ್ಟಾದರೆ ಅಂಗಡಿಗಳು ಮುಚ್ಚಿರುತ್ತವೆ, ಸೋಮವಾರ ನೀವು ಬಸ್ಸು ಹಿಡಿಯಬೇಕಾಗುತ್ತದೆ. ಶನಿವಾರ ಬೆಳಿಗ್ಗೆ ಇಟ್ಟುಕೊಳ್ಳಲಿ. ವಾಷರ್ ತರಲು ಹುಡುಗರು ಮರೆಯುತ್ತಾರೆ, ಅದನ್ನು ಹಿಂದಿನ ದಿನ ಕೆಲಸದಿಂದ ಬರುವಾಗ ನೀವೇ ತಂದುಕೊಡಿ.