ಬೀಟೆ ಅಂತ ಯಾರು ಹೇಳಿದ್ದು?

ಕಳೆದ ರಜೆಯಲ್ಲಿ ನಾವು ನಾಲ್ವರು ರೂಮ್‌ಮೇಟ್‌ಗಳು ಮಾಂಬಳ್ಳಿಗೆ ಹೋಗಿದ್ವಿ. ಯಳಂದೂರು ತಾಲ್ಲೂಕಿನ ಆ ಊರಲ್ಲಿ ನಮ್ಮಲ್ಲೊಬ್ಬನ ಅಜ್ಜಿ ಮನೆ ಇದೆ. ಅಲ್ಲಿ ಎರಡು ದಿನ ಇದ್ದು ಬಿಳಿಗಿರಿರಂಗನ ಬೆಟ್ಟ ನೋಡಿಕೊಂಡು ಬರೋದು ಪ್ಲಾನ್. ಬೆಟ್ಟ ನೋಡಿದ್ದು ಅರ್ಧ ದಿನ ಮಾತ್ರ. ಉಳಿದ ಸಮಯವೆಲ್ಲ ನಡುಮನೆಯ ಒಂದು ಮರದ ಬೀರುವಿನ ಮುಂದೆ ಕಳೆದುಹೋಯ್ತು.

ಆ ಮನೆಯಲ್ಲಿ ಆಗ ಪಾಲಿನ ಮಾತು ನಡೀತಿತ್ತು. ಬೀರು ಕಪ್ಪಗೆ, ಹೊಳೀತಾ, ನೋಡೋಕೆ ರಾಜಗಾಂಭೀರ್ಯದಿಂದ ಇತ್ತು. ಅದು ಬೀಟೆ ಮರದ್ದು ಅಂತ ಎಲ್ಲರೂ ನಂಬಿದ್ದರು. ಆ ಲೆಕ್ಕದಲ್ಲೇ ಬೆಲೆ ಕಟ್ಟಿ, ಬೀರುವನ್ನು ಗೆಳೆಯನ ಚಿಕ್ಕಮ್ಮನಿಗೆ ಕೊಟ್ಟು, ಅಷ್ಟು ಹಣವನ್ನು ಅವರ ನಗದಿನ ಪಾಲಿನಿಂದ ಕಳೆಯೋದು ಅಂತ ತೀರ್ಮಾನ ಆಗಿತ್ತು. "ಬೀಟೆ ಅಂತ ಹೇಗೆ ಗೊತ್ತು?" ಅಂತ ನಾವು ಸುಮ್ಮನೆ ಕೇಳಿದ್ವಿ. "ಬಣ್ಣ ನೋಡಿದ್ರೆ ಗೊತ್ತಾಗಲ್ವಾ?" ಅನ್ನೋ ಉತ್ತರ ಬಂತು.

ಈ ಲೇಖನ ಬರೆಯೋಕೆ ಆ ಉತ್ತರವೇ ಕಾರಣ. ನಮ್ಮ ಅಭಿಪ್ರಾಯ ಇಷ್ಟೇ: ಸ್ಟೇನ್ ಹಾಕಿದ ಪೀಠೋಪಕರಣದ ಬಣ್ಣ ನೋಡಿ ಮರದ ಹೆಸರು ಹೇಳೋದನ್ನ ನಾವು ಬಿಡಬೇಕು. ಹೆಸರು ಹೇಳಿ ಮಾರುವವರ ಹತ್ತಿರ ಆ ಹೆಸರನ್ನ ಬರವಣಿಗೆಯಲ್ಲಿ ಕೇಳಬೇಕು.

ಸ್ಟೇನ್ ಅಂದ್ರೆ ಮರಕ್ಕೆ ಹಚ್ಚುವ ಬಣ್ಣ. ಅದು ಪೇಂಟ್ ಥರ ಮರವನ್ನು ಪೂರ್ತಿ ಮುಚ್ಚಲ್ಲ, ಒಳಕ್ಕೆ ಇಳಿದು ಗೆರೆಗಳು ಕಾಣೋ ಹಾಗೆ ಬಿಡುತ್ತೆ. ಅದಕ್ಕೇ ನಾವು ಮೋಸ ಹೋಗೋದು. ಗೆರೆ ಕಾಣ್ತಿದೆಯಲ್ಲ, ಹಾಗಾದ್ರೆ ಬಣ್ಣವೂ ಮರದ್ದೇ ಅಂದುಕೊಳ್ತೀವಿ. ಸಿಲ್ವರ್ ಓಕ್‌ಗೆ ತೇಗದ ಬಣ್ಣ, ಮಾವಿಗೆ ಬೀಟೆಯ ಬಣ್ಣ ಬರಿಸೋದು ಕಷ್ಟವೇನಲ್ಲ. ಆದರೆ ಮರದ ಒಳಗಿನ ರಚನೆಯನ್ನ ಯಾವ ಡಬ್ಬಿಯ ಬಣ್ಣವೂ ಬದಲಿಸೋಕಾಗಲ್ಲ.

ಮರ ಬದುಕಿದ್ದಾಗ ನೀರು ಸಾಗಿಸಿದ ನಾಳಗಳು ಅಡ್ಡ ಕೊಯ್ದ ತುದಿಯಲ್ಲಿ ಸಣ್ಣ ಸಣ್ಣ ರಂಧ್ರಗಳಾಗಿ ಕಾಣ್ತವೆ. ಚೂಪು ಬ್ಲೇಡಿನಿಂದ ಆ ತುದಿಯನ್ನ ನುಣ್ಣಗೆ ಸವರಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಲೆನ್ಸ್‌ನಲ್ಲಿ ನೋಡಿದ್ರೆ ಸಾಕು. ತೇಗದಲ್ಲಿ ಪ್ರತಿ ಬೆಳವಣಿಗೆ ಉಂಗುರದ ಶುರುವಿನಲ್ಲಿ ದೊಡ್ಡ ರಂಧ್ರಗಳು ಸಾಲಾಗಿ ನಿಂತಿರ್ತವೆ. ಬೀಟೆಯಲ್ಲಿ ಅಂಥ ಸಾಲಿಲ್ಲ, ರಂಧ್ರಗಳು ಚದುರಿರ್ತವೆ, ಮರದ ಮೈಯೇ ನೇರಳೆ ಛಾಯೆಯ ಕಂದು, ನಡುವೆ ಕಪ್ಪು ಪಟ್ಟೆ. ಸಿಲ್ವರ್ ಓಕ್‌ನಲ್ಲಿ ಅಗಲವಾದ ಕಿರಣಗಳು ಬರಿಗಣ್ಣಿಗೇ ಕಾಣುತ್ತವೆ.

ಮಾಂಬಳ್ಳಿಯಲ್ಲಿ ನಾವು ಮಾಡಿದ್ದೂ ಇದನ್ನೇ. ಅಜ್ಜಿಯ ಅನುಮತಿ ಕೇಳಿ ಬೀರುವಿನ ಹಿಂಗಾಲಿನ ತಳದಲ್ಲಿ, ಯಾರಿಗೂ ಕಾಣದ ಕಡೆ, ಸ್ವಲ್ಪ ಸವರಿದ್ವಿ. ಕಪ್ಪು ಬಣ್ಣದ ಕೆಳಗೆ ಹಳದಿ ಕಂದು ಮರ! ಉಂಗುರದ ಸಾಲಿಲ್ಲ. ದೊಡ್ಡ ರಂಧ್ರಗಳು ಅಲ್ಲೊಂದು ಇಲ್ಲೊಂದು, ಒಂದೊಂದರ ಸುತ್ತಲೂ ಬಿಳಿಚಿದ ಅಂಚು.

ಆಮೇಲೆ ಒಂದು ಹಲಗೆ ತೆಗೆದು ಅಳತೆ ಹಿಡಿದ್ವಿ. 90 ಸೆಂ.ಮೀ. ಉದ್ದ, 30 ಅಗಲ, 2 ದಪ್ಪ. ಅಂದ್ರೆ 5,400 ಘನ ಸೆಂ.ಮೀ. ಪಕ್ಕದ ಅಂಗಡಿ ತಕ್ಕಡಿಯಲ್ಲಿ ತೂಕ 3.2 ಕೆ.ಜಿ. ಸಾಂದ್ರತೆ ಸುಮಾರು 0.59 ಬಂತು. ಬೀಟೆ ಸಾಮಾನ್ಯವಾಗಿ 0.85ರ ಆಸುಪಾಸು. ಅದೇ ಹಲಗೆ ಬೀಟೆಯದ್ದಾಗಿದ್ರೆ ನಾಲ್ಕೂವರೆ ಕೆ.ಜಿ. ತೂಗಬೇಕಿತ್ತು. ಸಾಂದ್ರತೆ ಒಂದರಿಂದಲೇ ಮರದ ಹೆಸರು ಹೇಳೋಕಾಗಲ್ಲ, ಎಷ್ಟೋ ಮರಗಳ ತೂಕ ಹತ್ತಿರ ಹತ್ತಿರ ಇರುತ್ತೆ. ಆದರೆ ಇದು ಬೀಟೆ ಅಲ್ಲ ಅಂತ ಹೇಳೋಕೆ ಅಷ್ಟು ಸಾಕು.

ಕೊನೆಗೆ, ಬಣ್ಣ ತಾಗದ ಒಳಭಾಗದ ಪುಡಿಯನ್ನ ಬಿಸಿನೀರಿಗೆ ಹಾಕಿದ್ವಿ. ನೀರು ಹಳದಿಯಾಯ್ತು. ಹಲಸಿನ ಚಕ್ಕೆಯಿಂದ ಬರೋ ಹಳದಿ ಬಣ್ಣದಲ್ಲಿ ಬೌದ್ಧ ಭಿಕ್ಷುಗಳು ಚೀವರಕ್ಕೆ ಬಣ್ಣ ಹಾಕ್ತಿದ್ದರು ಅಂತ ಓದಿದ್ದು ಆಗ ನೆನಪಾಯ್ತು. ಮೂರೂ ಸಾಕ್ಷಿ ಒಂದೇ ಕಡೆ ತೋರಿಸ್ತಿದ್ವು: ಹಲಸು.

ಹೇಳಬೇಕೋ ಬೇಡವೋ ಅಂತ ರಾತ್ರಿಯೆಲ್ಲ ಚರ್ಚೆ ಮಾಡಿದ್ವಿ. ಅತಿಥಿಗಳಾಗಿ ಹೋಗಿ ಮನೆಯವರ ಪಾಲಿನಲ್ಲಿ ಕೈ ಹಾಕೋದು ಸರಿಯಾ? ಆದರೆ ಸುಮ್ಮನಿದ್ರೆ ನಷ್ಟ ಚಿಕ್ಕಮ್ಮನಿಗೆ. ಬೆಳಿಗ್ಗೆ ತಿಂಡಿ ಹೊತ್ತಿಗೆ ಗೆಳೆಯನೇ ಹೇಳಿದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಲೆ ಹತ್ತಿರದಿಂದ ಅಜ್ಜಿ ಅಂದರು: "ಹಿತ್ತಲ ಹಲಸು ಕನ್ರಪ್ಪ ಅದು. ಗಾಳಿಗೆ ಬಿದ್ದಾಗ ಕುಯ್ಸಿದ್ದು. ನನ್ನ ಯಾರ್ ಕೇಳುದ್ರಿ?"

ನಮಗೆ ನಗು, ನಾಚಿಕೆ ಎರಡೂ ಬಂತು. ಲೆನ್ಸ್ ಹುಡುಕೋ ಮೊದಲು ಅಜ್ಜಿಯನ್ನ ಕೇಳಬಹುದಿತ್ತು. ಬೀರುವಿನ ಬೆಲೆ ಇಳೀತು, ಚಿಕ್ಕಮ್ಮನ ನಗದು ಸರಿಹೋಯ್ತು. ಬೀರು ಮಾತ್ರ ತಮಗೇ ಬೇಕು ಅಂತ ಅವರೇ ಇಟ್ಟುಕೊಂಡರು.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಮಹಾಗನಿ, ಓಕ್, ಪೈನ್ ಹೆಸರು ಬಾಯಲ್ಲೇ ಇದ್ದವು. ಮತ್ತಿ, ಹೊನ್ನೆ, ನಂದಿ, ದಿಂಡಿಗ ಇವು ಬಿಳಿಗಿರಿ ಬೆಟ್ಟದ ಕಾಡಿನ ಮರಗಳು ಅಂತ ಗೊತ್ತಾಗಿದ್ದು ಅಲ್ಲಿಗೆ ಹೋದ ಮೇಲೆ. ಉಕ್ಕಿನ ಗ್ರೇಡ್ ಕೇಳಿ, ಕಾಂಕ್ರೀಟಿನ ಮಿಕ್ಸ್ ಕೇಳಿ, ತಟ್ಟನೆ ಹೇಳ್ತೀವಿ. ನಾವು ಕೂತಿರೋ ಬೆಂಚು ಯಾವ ಮರದ್ದು ಅಂದ್ರೆ "ಬ್ರೌನ್" ಅಂತೀವಿ.

"ಚೆನ್ನಾಗಿ ಕಂಡ್ರೆ ಸಾಕು, ಯಾವ ಮರ ಆದ್ರೇನು?" ಅಂತ ನೀವು ಕೇಳಬಹುದು. ಸ್ಟೇನ್ ಮೇಲೆ ನಮಗೆ ಸಿಟ್ಟಿಲ್ಲ. ಕಾಫಿ ತೋಟದಲ್ಲಿ ಬೇಗ ಬೆಳೆಯೋ ಸಿಲ್ವರ್ ಓಕ್‌ಗೆ ಒಳ್ಳೆ ಬಣ್ಣ ಹಚ್ಚಿ ಮಾರಿದ್ರೆ ಕಾಡಿನ ಬೀಟೆಯ ಮೇಲೆ ಒತ್ತಡ ಕಡಿಮೆಯಾಗುತ್ತೆ, ಒಳ್ಳೇದೇ. ಬೀಟೆ ಈಗ ಅಪಾಯದಲ್ಲಿರೋ ಮರ. ಅದು ಸೇರಿದ ಡಾಲ್ಬರ್ಜಿಯಾ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರ 2017ರ ಜನವರಿಯಿಂದ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ನಮ್ಮ ತಕರಾರು ಬಣ್ಣದ ಬಗ್ಗೆ ಅಲ್ಲ, ಹೆಸರಿನ ಬಗ್ಗೆ. "ಟೀಕ್ ಫಿನಿಶ್" ಅಂದ್ರೆ ತೇಗದ ಬಣ್ಣ ಅಂತ ಮಾತ್ರ ಅರ್ಥ. ಅದನ್ನ ತೇಗದ ಬೆಲೆಗೆ ಮಾರೋದು ತಪ್ಪು. ಸರಕಿನ ಗುಣಮಟ್ಟ, ಶುದ್ಧತೆ, ಬೆಲೆಯ ಬಗ್ಗೆ ಮಾಹಿತಿ ಪಡೆಯೋದು ಗ್ರಾಹಕರ ಹಕ್ಕು ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಹೇಳುತ್ತೆ. ಬಿಲ್ಲಿನಲ್ಲಿ ಮರದ ಹೆಸರು ಬರೆಸಿಕೊಳ್ಳೋಕೆ ಸಂಕೋಚ ಯಾಕೆ?

ನಮ್ಮ ಕಾಲೇಜಿಗೂ ಒಂದು ಕೋರಿಕೆ. ಮೆಟೀರಿಯಲ್ಸ್ ಲ್ಯಾಬ್‌ನಲ್ಲಿ ಹತ್ತು ಸ್ಥಳೀಯ ಮರಗಳ ತುಂಡು, ಕನ್ನಡ ಹೆಸರಿನ ಚೀಟಿ, ಎರಡು ಲೆನ್ಸ್ ಇಟ್ಟರೆ ಸಾಕು. ಬೆಂಗಳೂರಿನ ಮಲ್ಲೇಶ್ವರದಲ್ಲಿರೋ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರ ಗುರುತಿಸೋ ಪರಿಣತರೇ ಇದ್ದಾರೆ. ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಿ.

ಅಲ್ಲೀತನಕ ಈ ಸಲ ಊರಿಗೆ ಹೋದಾಗ ನಿಮ್ಮ ಮನೆ ಬೀರುವಿನ ಹಿಂಬದಿ, ಡ್ರಾಯರ್ ಒಳಭಾಗ ನೋಡಿ. ಅಲ್ಲಿಗೆ ಸಾಮಾನ್ಯವಾಗಿ ಬಣ್ಣ ಹಚ್ಚಿರಲ್ಲ. ಮೇಲ್ಮೈಯ ಗೆರೆ ಅಂಚಿನಲ್ಲಿ ತಟ್ಟನೆ ನಿಂತುಹೋಗಿ ಪದರಗಳು ಕಂಡ್ರೆ ಅದು ಪ್ಲೈವುಡ್ ಮೇಲೆ ಅಂಟಿಸಿದ ತೆಳು ಹಾಳೆ. ಗೆರೆ ಅಂಚಿನಲ್ಲೂ ಮುಂದುವರಿದ್ರೆ ಲೆನ್ಸ್ ತಗೊಳ್ಳಿ. ಅದಕ್ಕೂ ಮೊದಲು ಮನೆಯ ಹಿರಿಯರನ್ನ ಒಂದು ಮಾತು ಕೇಳಿ.